ಗುರು ಶಿಷ್ಯನ ಕಾಲು ತೊಳೆದ ರಾತ್ರಿ

[ತೆರೆ ಕಪ್ಪು. ತಂಬಿಗೆಯಿಂದ ಬೋಗುಣಿಗೆ ನೀರು ಬೀಳುವ ಸದ್ದು ಮಾತ್ರ.]

ಪಾದಪೂಜೆ ನೋಡಿದ್ದೀರಲ್ವಾ? ಮಠದಲ್ಲಿ ನೋಡಿರುತ್ತೀರಿ. ಇಲ್ಲವಾದರೆ ಮದುವೆ ಮನೆಯಲ್ಲಾದರೂ ನೋಡಿರುತ್ತೀರಿ. ಸ್ವಾಮಿಗಳು ಪೀಠದ ಮೇಲೆ ಕೂತಿರುತ್ತಾರೆ. ಕಾಲ ಕೆಳಗೆ ಒಂದು ತಟ್ಟೆ. ಶಿಷ್ಯರು ಬಗ್ಗಿ ನೀರು ಹಾಕುತ್ತಾರೆ. ಮದುವೆಯಲ್ಲಾದರೆ ಹೆಣ್ಣಿನ ಅಪ್ಪ ಅಳಿಯನ ಕಾಲು ತೊಳೆಯುತ್ತಾನೆ. ಯಾರ ಕಾಲಿಗೆ ನೀರು ಬೀಳುತ್ತದೋ ಆ ಹೊತ್ತಿಗೆ ಅವರೇ ದೊಡ್ಡವರು. ಇದನ್ನು ಯಾರೂ ನಮಗೆ ಕೂರಿಸಿ ಪಾಠ ಮಾಡಿಲ್ಲ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಈಗ ಅದೇ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಸ್ವಾಮಿಗಳೇ ಪೀಠದಿಂದ ಎದ್ದರು. ಮೇಲುಹೊದಿಕೆ ತೆಗೆದು ಪಕ್ಕಕ್ಕಿಟ್ಟರು. ಸೊಂಟಕ್ಕೆ ಒಂದು ಟವೆಲ್ ಕಟ್ಟಿಕೊಂಡು, ಬೋಗುಣಿ ಹಿಡಿದು, ಶಿಷ್ಯರ ಕಾಲು ತೊಳೆಯೋಕೆ ಶುರು ಮಾಡಿದರು. ಆ ಕೋಣೆಯಲ್ಲಿದ್ದವರಿಗೆ ಏನನಿಸುತ್ತದೆ? ಖುಷಿ ಅಂತೂ ಅಲ್ಲ. ಗಾಬರಿ. "ಅಯ್ಯೋ, ಬೇಡ ಬುದ್ಧಿ, ಏಳಿ" ಅಂತ ನಾಲ್ಕು ಜನ ಓಡಿ ಬರುತ್ತಾರೆ.

ಇವತ್ತು ಆ ಗಾಬರಿಯ ಕಥೆ ಹೇಳುತ್ತೇನೆ. ಕ್ರೈಸ್ತರಲ್ಲಿ ದೊಡ್ಡವರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲೇ.

[ನಕ್ಷೆ: ಯೆರೂಸಲೇಮ್ ಪಟ್ಟಣ.]

ಸುಮಾರು 2000 ವರ್ಷಗಳ ಹಿಂದೆ. ಯೆರೂಸಲೇಮ್. ಯೆಹೂದ್ಯರ ಪಸ್ಕ ಹಬ್ಬದ ಸಮಯ. ಯೇಸು ಮತ್ತು ಅವರ ಶಿಷ್ಯರು ರಾತ್ರಿ ಊಟಕ್ಕೆ ಕೂತಿದ್ದಾರೆ. ಮಾರನೆಯ ದಿನ ಯೇಸುವನ್ನು ಶಿಲುಬೆಗೆ ಹಾಕುತ್ತಾರೆ. ಅದು ಅವರಿಗೆ ಗೊತ್ತು, ಶಿಷ್ಯರಿಗೆ ಗೊತ್ತಿಲ್ಲ.

ಊಟ ಅಂದರೆ ನಿಮ್ಮ ಕಣ್ಣಿಗೆ ಬರುವುದು ಉದ್ದನೆಯ ಟೇಬಲ್, ಒಂದೇ ಕಡೆ ಸಾಲಾಗಿ ಕೂತ 13 ಜನ. ಆ ಚಿತ್ರ ಯುರೋಪಿನ ಕಲಾವಿದರು ಕೊಟ್ಟದ್ದು. ಆ ಕಾಲದ ಹಬ್ಬದೂಟಕ್ಕೆ ಜನ ಕೂರುತ್ತಿರಲಿಲ್ಲ. ಎಡಗೈ ಮೊಣಕೈ ಊರಿ, ಓರೆಯಾಗಿ ಒರಗಿಕೊಳ್ಳುತ್ತಿದ್ದರು. ತಲೆ ಊಟದ ಕಡೆ, ಕಾಲು ಹೊರಗಡೆ. ಇದು ಚಿಕ್ಕ ವಿವರ, ಆದರೆ ಮುಖ್ಯ. ಯಾಕೆಂದರೆ ಕಾಲು ತೊಳೆಯುವ ಆಳು ಎಲ್ಲರ ಬೆನ್ನ ಹಿಂದೆ ಓಡಾಡುತ್ತಾನೆ. ಊಟ ಮಾಡುವವರಿಗೆ ಅವನ ಮುಖ ಕಾಣಿಸುವುದೂ ಇಲ್ಲ.

ಯಾರು ಆ ಕೆಲಸ ಮಾಡುತ್ತಿದ್ದರು? ಗುಲಾಮರು. ಅದರಲ್ಲೂ ಮೇಲು ಕೀಳು ಇತ್ತು. ಇಬ್ರಿಯ, ಅಂದರೆ ಯೆಹೂದಿಯೇ ಆದ, ಗುಲಾಮನಿಂದ ಯಜಮಾನ ತನ್ನ ಕಾಲು ತೊಳೆಸಿಕೊಳ್ಳಬಾರದು ಅಂತ ಯೆಹೂದಿ ಪಂಡಿತರ ಹಳೆಯ ವ್ಯಾಖ್ಯಾನವೊಂದು ಹೇಳುತ್ತದೆ. ಅಂದರೆ ನಮ್ಮವನೇ ಆದ ಗುಲಾಮನಿಗೂ ಹೇಳಬಾರದ ಕೆಲಸ ಅದು. ಬೈಬಲ್‌ನ ಹಳೆಯ ಭಾಗದಲ್ಲಿ ಅಬೀಗೈಲ್ ಅನ್ನುವ ಹೆಣ್ಣುಮಗಳು, ಮುಂದೆ ರಾಜನಾದ ದಾವೀದ ಕಳಿಸಿದ ಆಳುಗಳ ಮುಂದೆ ತನ್ನನ್ನು ಎಷ್ಟು ತಗ್ಗಿಸಿಕೊಳ್ಳಬಹುದೋ ಅಷ್ಟು ತಗ್ಗಿಸಿಕೊಳ್ಳಲು ಏನು ಹೇಳುತ್ತಾಳೆ ಗೊತ್ತಾ? ನನ್ನ ಒಡೆಯನ ಆಳುಗಳ ಕಾಲು ತೊಳೆಯೋಕೂ ನಾನು ತಯಾರು ಅನ್ನುತ್ತಾಳೆ. ಅದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲು ಇರಲಿಲ್ಲ.

ಆ ರಾತ್ರಿ ಕೋಣೆಯಲ್ಲಿ ಆಳು ಯಾರೂ ಇರಲಿಲ್ಲ ಅಂತ ಕಾಣುತ್ತದೆ. ಶಿಷ್ಯರಲ್ಲಿ ಒಬ್ಬನೂ ಏಳಲಿಲ್ಲ. ಏಳಲಿಲ್ಲ ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

[ದೃಶ್ಯ: ಧೂಳಿನ ದಾರಿಯಲ್ಲಿ ನಡೆಯುತ್ತಿರುವ ಕಾಲುಗಳು.]

ಈ ಶಿಷ್ಯರಿಗೆ ಒಂದೇ ಜಗಳ. ನಮ್ಮಲ್ಲಿ ದೊಡ್ಡವನು ಯಾರು? ಒಮ್ಮೆ ಕಪೆರ್ನೌಮ್ ಅನ್ನುವ ಊರಿಗೆ ಬರುವ ದಾರಿಯಲ್ಲಿ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆದಿತ್ತು. ಮನೆಗೆ ಬಂದ ಮೇಲೆ ಯೇಸು "ದಾರಿಯಲ್ಲಿ ಏನು ಚರ್ಚೆ?" ಅಂತ ಕೇಳಿದರು. ಎಲ್ಲರೂ ಗಪ್‌ಚಿಪ್. ಮೇಷ್ಟ್ರು ಕ್ಲಾಸಿಗೆ ಬಂದಾಗ ಹುಡುಗರು ಆಗುತ್ತಾರಲ್ಲ, ಹಾಗೆ.

ಇನ್ನೊಮ್ಮೆ ಯೆರೂಸಲೇಮಿನ ದಾರಿಯಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನ ಮೆಲ್ಲಗೆ ಪಕ್ಕಕ್ಕೆ ಬಂದರು. ನಿಮ್ಮ ರಾಜ್ಯ ಬಂದಾಗ ನಮ್ಮಿಬ್ಬರಲ್ಲಿ ಒಬ್ಬರನ್ನು ಬಲಕ್ಕೆ, ಒಬ್ಬರನ್ನು ಎಡಕ್ಕೆ ಕೂರಿಸಿಕೊಳ್ಳಿ ಅಂತ ಕೇಳಿದರು. ಅಂದರೆ ಸರ್ಕಾರ ರಚನೆಗೆ ಮೊದಲೇ ಖಾತೆ ಹಂಚಿಕೆ. ಯೇಸುವಿನ ಕಥೆ ಹೇಳುವ ಬೈಬಲ್‌ನ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತಾರೆ. ಮಾರ್ಕನು ಬರೆದ ಸುವಾರ್ತೆಯಲ್ಲಿ ಇದನ್ನು ಕೇಳಿದವರು ಅಣ್ಣತಮ್ಮಂದಿರೇ. ಮತ್ತಾಯನ ಸುವಾರ್ತೆಯಲ್ಲಿ ಅವರ ತಾಯಿ ಬಂದು ಕೇಳುತ್ತಾಳೆ. ಮಕ್ಕಳ ಮರ್ಯಾದೆ ಉಳಿಸೋಕೆ ಕಥೆಯನ್ನು ಹಾಗೆ ಹೇಳಿದ್ದಾರೆ ಅಂತ ಕೆಲವು ವಿದ್ವಾಂಸರ ಊಹೆ. ತಾಯಂದಿರು ಇಂಥ ಕೆಲಸ ಮಾಡೋದೇ ಇಲ್ಲ ಅಂತಲೂ ಹೇಳೋಕಾಗಲ್ಲ, ಬಿಡಿ.

ಉಳಿದ ಹತ್ತು ಜನಕ್ಕೆ ಸಿಟ್ಟು ಬಂತು. ಕೇಳಿದ್ದು ತಪ್ಪು ಅಂತ ಅಲ್ಲ, ತಮಗಿಂತ ಮೊದಲು ಕೇಳಿಬಿಟ್ಟರಲ್ಲ ಅಂತ ಇರಬೇಕು. ಆಗ ಯೇಸು ಎಲ್ಲರನ್ನೂ ಕರೆದು ಹೇಳಿದ ಮಾತಿನ ಸಾರ ಇಷ್ಟು: ಲೋಕದಲ್ಲಿ ಅಧಿಕಾರ ಇದ್ದವರು ಜನರ ಮೇಲೆ ದೊರೆತನ ಮಾಡುತ್ತಾರೆ. ನಿಮ್ಮಲ್ಲಿ ಹಾಗಿರಕೂಡದು. ದೊಡ್ಡವನಾಗಬೇಕು ಅನ್ನುವವನು ಸೇವಕನಾಗಲಿ. ಮೊದಲಿಗನಾಗಬೇಕು ಅನ್ನುವವನು ಎಲ್ಲರ ಆಳಾಗಲಿ.

[ತೆರೆಯ ಮೇಲೆ ಎರಡು ಪದ: ದಿಯಾಕೊನೋಸ್, ದೂಲೋಸ್.]

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕನ್ನಡದಲ್ಲಿ ಕೇಳಿದಾಗ ಈ ಮಾತು ನಮಗೆ ಚುಚ್ಚುವುದಿಲ್ಲ. ಯಾಕೆ ಹೇಳಿ? ಸೇವೆ, ದಾಸ, ಈ ಪದಗಳೇ ನಮ್ಮಲ್ಲಿ ಸಿಹಿಯಾಗಿಬಿಟ್ಟಿವೆ. ದಾಸ ಅಂದರೆ ನಮಗೆ ನೆನಪಾಗುವುದು ಪುರಂದರದಾಸರು, ಕನಕದಾಸರು. ಸೇವೆ ಅಂದರೆ ದೇವಸ್ಥಾನದ ಕೌಂಟರಿನಲ್ಲಿ ಚೀಟಿ ಬರೆಸುವುದು. ಎರಡೂ ಮರ್ಯಾದೆಯ ಮಾತುಗಳೇ.

ಸುವಾರ್ತೆಯ ಮೂಲ ಇರುವುದು ಗ್ರೀಕಿನಲ್ಲಿ. ಅಲ್ಲಿರುವ ಮೊದಲ ಪದ ದಿಯಾಕೊನೋಸ್. ಊಟದ ಹೊತ್ತಲ್ಲಿ ನಿಂತು ಬಡಿಸುವವನು, ಹೇಳಿದ ಕೆಲಸಕ್ಕೆ ಓಡುವವನು. ಎರಡನೆಯದು ದೂಲೋಸ್. ಅಂದರೆ ಗುಲಾಮ. ಹರಾಜಿನಲ್ಲಿ ಕೊಂಡು ತಂದ ಮನುಷ್ಯ. ಕನ್ನಡದಲ್ಲಿ ಇದರ ಪೆಟ್ಟು ಗೊತ್ತಾಗಬೇಕಾದರೆ ಜೀತದಾಳು ಅನ್ನಬೇಕು. 1976ರಲ್ಲಿ ಕಾನೂನು ಮಾಡಿ ನಾವು ನಿಷೇಧಿಸಿದೆವಲ್ಲ, ಆ ಜೀತ. "ನಿಮ್ಮಲ್ಲಿ ಮೊದಲಿಗನಾಗಬೇಕು ಅನ್ನುವವನು ಎಲ್ಲರ ಜೀತದಾಳಾಗಲಿ." ಈಗ ಕೇಳಿಸಿತಾ? ಕೇಳೋಕೇ ಮುಜುಗರ. ಆ ಶಿಷ್ಯರಿಗೂ ಹಾಗೇ ಆಗಿರಬೇಕು.

ಪದಗಳ ವಿಷಯ ಬಂತು ಅಂತ ಒಂದು ಅಡ್ಡಮಾತು. ಈ ದಿಯಾಕೊನೋಸ್ ಅನ್ನು ಲ್ಯಾಟಿನ್ನಿಗೆ ತಂದಾಗ ಬಳಸಿದ ಒಂದು ಪದ ಮಿನಿಸ್ಟರ್. ಹೌದು, ಅದೇ ಮಿನಿಸ್ಟರ್. ಅದರ ಬೇರು ಮಿನುಸ್, ಅಂದರೆ ಕಡಿಮೆ. ಕೈಕೆಳಗಿನವನು ಅಂತ ಅರ್ಥ. ಅದಕ್ಕೆ ಎದುರು ಪದ ಮಾಗಿಸ್ಟರ್, ಬೇರು ಮಾಗಿಸ್, ಅಂದರೆ ಹೆಚ್ಚು. ನಮ್ಮ ಮೇಷ್ಟ್ರು ಅನ್ನುವ ಪದ ಅದರ ಮರಿಮಗ. ಹಾಗಾಗಿ ಪದದ ಲೆಕ್ಕದಲ್ಲಿ ಊರಿನ ಶಾಲೆಯ ಮೇಷ್ಟ್ರು ಮೇಲೆ, ವಿಧಾನಸೌಧದ ಮಿನಿಸ್ಟರು ಕೆಳಗೆ. ವರ್ಗಾವಣೆಗೆ ಅಲೆಯುವ ಮೇಷ್ಟ್ರಿಗೆ ಇದನ್ನು ಹೇಳಿ ನೋಡಿ.

[ದೃಶ್ಯ: ಎಣ್ಣೆ ದೀಪದ ಬೆಳಕಿನಲ್ಲಿ ಕೋಣೆ.]

ಸರಿ, ಊಟದ ಕೋಣೆಗೆ ವಾಪಸ್ ಬರೋಣ. ಅಷ್ಟೆಲ್ಲ ಹೇಳಿದ ಮೇಲೂ ಜಗಳ ನಿಂತಿರಲಿಲ್ಲ. ಲೂಕನ ಸುವಾರ್ತೆಯ ಪ್ರಕಾರ ಅದೇ ಕೊನೆಯ ಊಟದಲ್ಲೂ ಅದೇ ವಾದ. ಯೇಸು ಅಲ್ಲಿ ಒಂದು ಚುರುಕು ಮಾತು ಆಡುತ್ತಾರೆ. ರಾಜರು ಜನರನ್ನು ಆಳುತ್ತಾರೆ, ಜೊತೆಗೆ ಉಪಕಾರಿಗಳು ಅಂತಲೂ ಕರೆಸಿಕೊಳ್ಳುತ್ತಾರೆ ಅನ್ನುತ್ತಾರೆ. ಇದು ಸುಮ್ನೆ ಹೇಳಿದ್ದಲ್ಲ. ಉಪಕಾರಿ ಅನ್ನುವುದು ಆ ಕಾಲದ ದೊರೆಗಳು ಇಟ್ಟುಕೊಳ್ಳುತ್ತಿದ್ದ ನಿಜವಾದ ಬಿರುದು. ಈಜಿಪ್ಟಿನ ರಾಜ ಮೂರನೇ ಟಾಲೆಮಿಯ ಹೆಸರಿನ ಜೊತೆಗೇ ಆ ಬಿರುದು ಇದೆ. ಅವನು ಆಳಿದ್ದು ಕ್ರಿಸ್ತಪೂರ್ವ 246ರಿಂದ 222ರವರೆಗೆ. ನಮ್ಮ ಬಸ್ ಸ್ಟ್ಯಾಂಡಿನ ಎದುರಿನ ಫ್ಲೆಕ್ಸ್ ನೆನಪಾಯಿತಾ? ಜನಸೇವಕರು, ಕೊಡುಗೈ ದಾನಿಗಳು, ಕೈಮುಗಿದ ದೊಡ್ಡ ಫೋಟೋ, ಕೆಳಗೆ ಹುಡುಗರ ಚಿಕ್ಕ ಚಿಕ್ಕ ಫೋಟೋಗಳು. ಸೇವೆಯನ್ನೇ ಬಿರುದು ಮಾಡಿಕೊಳ್ಳುವ ಚಾಳಿ 2000 ವರ್ಷಕ್ಕಿಂತ ಹಳೆಯದು.

ಕಾಲು ತೊಳೆದ ಘಟನೆ ಇರುವುದು ಯೋಹಾನನ ಸುವಾರ್ತೆಯಲ್ಲಿ ಮಾತ್ರ, 13ನೇ ಅಧ್ಯಾಯ. ಉಳಿದ ಮೂರು ಸುವಾರ್ತೆಗಳು ಆ ರಾತ್ರಿ ಯೇಸು ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿದ್ದನ್ನು ಹೇಳುತ್ತವೆ. ಯೋಹಾನ ಅದನ್ನು ಹೇಳುವುದೇ ಇಲ್ಲ. ಆ ಜಾಗದಲ್ಲಿ ಈ ಬೋಗುಣಿಯನ್ನು ಇಡುತ್ತಾನೆ. ನನಗಂತೂ ಇದು ಬಹಳ ಧೈರ್ಯದ ಆಯ್ಕೆ ಅನಿಸುತ್ತದೆ.

ಮಾತು ಸಾಕಾಯಿತೇನೋ, ಯೇಸು ಎದ್ದರು. ಟವೆಲ್ ಕಟ್ಟಿಕೊಂಡರು. ಒಬ್ಬೊಬ್ಬರದೇ ಕಾಲು ತೊಳೆದು, ಅದೇ ಟವೆಲ್‌ನಲ್ಲಿ ಒರೆಸುತ್ತ ಬಂದರು. ಪೇತ್ರನ ಸರದಿ ಬಂತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ನೀವು ನನ್ನ ಕಾಲು ತೊಳೆಯೋದಾ? ಸಾಧ್ಯವೇ ಇಲ್ಲ ಅಂದ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂದರು ಯೇಸು. ತಕ್ಷಣ ಪೇತ್ರ ಇನ್ನೊಂದು ತುದಿಗೆ ಹಾರಿದ. ಹಾಗಾದರೆ ಕಾಲೊಂದೇ ಯಾಕೆ, ಕೈಯೂ ತೊಳೆಯಿರಿ, ತಲೆಯೂ ತೊಳೆಯಿರಿ! ಪೇತ್ರನನ್ನು ಜನ ಇಷ್ಟಪಡುವುದು ಇದಕ್ಕೇ.

ಪೇತ್ರನ ಸಂಕಟ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಅಮೆರಿಕದವರಿಗೋ ಜರ್ಮನಿಯವರಿಗೋ ಇದನ್ನು ವಿವರಿಸಿ ಹೇಳಬೇಕು. ನಮಗೆ ಬೇಡ. ಹಿರಿಯರ ಕಾಲು ನಮ್ಮ ಕೈಗೆ ತಾಗಬೇಕು, ನಮ್ಮ ಕಾಲು ಹಿರಿಯರಿಗೆ ತಾಗಬಾರದು. ಬಸ್ಸಿನಲ್ಲಿ ತಪ್ಪಿ ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು.

ನಮ್ಮ ದೊಡ್ಡಪ್ಪ ಒಂದು ವರ್ಷ ಪೇತ್ರನ ಜಾಗದಲ್ಲಿ ಕೂತಿದ್ದರು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಕಥೋಲಿಕ ಚರ್ಚುಗಳಲ್ಲಿ ಊರಿನ ಹನ್ನೆರಡು ಜನರನ್ನು ಮುಂದೆ ಕೂರಿಸಿ, ಗುರುಗಳು ಅವರ ಕಾಲು ತೊಳೆಯುತ್ತಾರೆ. ಆ ಸಲ ದೊಡ್ಡಪ್ಪನ ಹೆಸರು ಬಂದಿತ್ತು. ಮಧ್ಯಾಹ್ನದಿಂದಲೇ ಬಚ್ಚಲಲ್ಲಿ ಕಲ್ಲು ಹಿಡಿದು ಹಿಮ್ಮಡಿ ಉಜ್ಜಿದ್ದೇ ಉಜ್ಜಿದ್ದು. "ಅಲ್ರೀ, ತೊಳೆಸಿಕೊಳ್ಳೋಕೆ ತೊಳ್ಕೊಂಡು ಹೋಗ್ತೀರಲ್ಲ" ಅಂತ ದೊಡ್ಡಮ್ಮ ನಕ್ಕರು. ರಾತ್ರಿ ಊಟಕ್ಕೆ ಕೂತಾಗ ನಾನು ಹೇಗಿತ್ತು ಅಂತ ಕೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಕೂತಿರೋದೇ ಕಷ್ಟ ಕಣೋ. ಎದ್ದು ಓಡಿಹೋಗೋಣ ಅನಿಸ್ತು."

[ಚಿತ್ರ: ಇಂಗ್ಲೆಂಡಿನ ಹಳೆಯ ಅರಮನೆ.]

ಕಾಲು ತೊಳೆದುಕೊಂಡು ಹೋದವರು ದೊಡ್ಡಪ್ಪ ಒಬ್ಬರೇ ಅಲ್ಲ. ಇಂಗ್ಲೆಂಡಿನ ರಾಜರಾಣಿಯರೂ ಈ ಗುರುವಾರ ಬಡವರ ಕಾಲು ತೊಳೆಯುತ್ತಿದ್ದರು. ಮೊದಲನೆಯ ಎಲಿಜಬೆತ್ ರಾಣಿ 1570ರ ದಶಕದಲ್ಲಿ ಇದನ್ನು ಹೇಗೆ ಮಾಡಿದಳು ಅನ್ನುವ ವರದಿ ಉಳಿದಿದೆ. ಮೊದಲು ಅರಮನೆಯ ಬಟ್ಟೆ ಒಗೆಯುವ ವಿಭಾಗದವರು ಬಿಸಿನೀರು, ಪರಿಮಳದ ಹೂವು ಹಾಕಿ ಬಡ ಹೆಂಗಸರ ಕಾಲು ತೊಳೆದರು. ಆಮೇಲೆ ದಾನಧರ್ಮ ನೋಡಿಕೊಳ್ಳುವ ಕಿರಿಯ ಅಧಿಕಾರಿ ತೊಳೆದ. ಆಮೇಲೆ ಹಿರಿಯ ಅಧಿಕಾರಿ. ಮೂರು ಸಲ ತೊಳೆದು ಫಳಫಳ ಅನ್ನುವ ಕಾಲು, ನಾಲ್ಕನೆಯದಾಗಿ ರಾಣಿಯ ಕೈಗೆ!

ಅಲ್ಲಿಂದ ಮುಂದೆ ಅದೂ ಹೋಯಿತು. ತನ್ನ ಕೈಯಾರೆ ಕಾಲು ತೊಳೆದ ಕೊನೆಯ ರಾಜ ಎರಡನೇ ಜೇಮ್ಸ್ ಅಂತ ಹೇಳುತ್ತಾರೆ. ಅವನು ಪಟ್ಟಕ್ಕೆ ಬಂದದ್ದು 1685ರಲ್ಲಿ. ನೀರು ಹೋಗಿ ನಾಣ್ಯ ಉಳಿಯಿತು. ಇವತ್ತಿಗೂ ಆ ದಿನ ಬ್ರಿಟನ್ನಿನ ರಾಜ ಹಿರಿಯ ನಾಗರಿಕರಿಗೆ ಬೆಳ್ಳಿ ನಾಣ್ಯ ಕೊಡುತ್ತಾರೆ. ರಾಜನಿಗೆ ಎಷ್ಟು ವಯಸ್ಸೋ ಅಷ್ಟು ಗಂಡಸರು, ಅಷ್ಟು ಹೆಂಗಸರು. 2023ರಲ್ಲಿ ಯಾರ್ಕ್ ನಗರದಲ್ಲಿ ಮೂರನೇ ಚಾರ್ಲ್ಸ್ 74 ಗಂಡಸರಿಗೂ 74 ಹೆಂಗಸರಿಗೂ ಕೊಟ್ಟರು. ತಮಾಷೆ ಏನು ಗೊತ್ತಾ? ಜೊತೆಗಿರುವ ಅಧಿಕಾರಿಗಳು ಇವತ್ತಿಗೂ ಸೊಂಟಕ್ಕೆ ಬಿಳಿ ಟವೆಲ್ ಕಟ್ಟಿಕೊಳ್ಳುತ್ತಾರೆ. ಕೈಯಲ್ಲಿ ಪರಿಮಳದ ಹೂಗುಚ್ಛ ಹಿಡಿಯುತ್ತಾರೆ. ಬಡವರ ಕಾಲಿನ ವಾಸನೆ ಮೂಗಿಗೆ ಬಡಿಯದಿರಲಿ ಅಂತ ಒಂದು ಕಾಲದಲ್ಲಿ ಶುರುವಾದದ್ದು. ವಾಸನೆಯೂ ಇಲ್ಲ, ನೀರೂ ಇಲ್ಲ, ಹೂವು ಮಾತ್ರ ಇದೆ.

ಹಾಗಂತ ಎಲ್ಲ ಕಡೆಯೂ ಇದು ನಾಟಕವಾಯಿತು ಅಂತ ಹೇಳಿದರೆ ತಪ್ಪಾಗುತ್ತದೆ. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ನಿಯಮ ಬರೆದ. ಅಡುಗೆಮನೆ ಕೆಲಸ ವಾರಕ್ಕೊಬ್ಬರಂತೆ ಎಲ್ಲರಿಗೂ ಸರದಿ. ವಾರ ಮುಗಿಸಿದವನು ಕೈ ಒರೆಸುವ, ಕಾಲು ಒರೆಸುವ ಬಟ್ಟೆಗಳನ್ನು ಒಗೆಯಬೇಕು. ಅವನೂ, ಮುಂದಿನ ವಾರ ಬರುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಅತಿಥಿಗಳು ಬಂದರೆ ಮಠಾಧಿಪತಿಯೇ ಅವರ ಕೈಗೆ ನೀರು ಹಾಕಬೇಕು. ಅವರ ಕಾಲು ತೊಳೆಯುವುದಕ್ಕೆ ಮಠಾಧಿಪತಿಯ ಜೊತೆ ಇಡೀ ಮಠವೇ ಸೇರಬೇಕು. ಇಲ್ಲಿ ಹೂಗುಚ್ಛ ಇಲ್ಲ. ಪಾತ್ರೆ, ಬಟ್ಟೆ, ಸರದಿ ಪಟ್ಟಿ, ಅಷ್ಟೇ. ನನಗೆ ಎಲಿಜಬೆತ್ ರಾಣಿಯ ಬೆಳ್ಳಿ ಬೋಗುಣಿಗಿಂತ ಈ ಸರದಿ ಪಟ್ಟಿಯ ಮೇಲೆ ನಂಬಿಕೆ ಜಾಸ್ತಿ.

ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಸಭೆಗಳಲ್ಲಿ ಇನ್ನೊಂದು ರೀತಿ ಇದೆ. ಅಲ್ಲಿ ಒಬ್ಬ ದೊಡ್ಡವರು ಎಲ್ಲರ ಕಾಲು ತೊಳೆಯುವುದಿಲ್ಲ. ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುತ್ತಾರೆ. ಮನಸ್ತಾಪ ಇದ್ದರೆ ಅವರ ಜೊತೆಗೇ ಕೂರಿ ಅಂತ ಹೇಳುವುದುಂಟು. ಮಾತು ಬಿಟ್ಟ ಪಕ್ಕದ ಮನೆಯವರ ಹಿಮ್ಮಡಿಯನ್ನು ಕೈಯಲ್ಲಿ ಹಿಡಿಯಬೇಕು. ಯೋಚನೆ ಮಾಡಿ ನೋಡಿ.

[ಹಳೆಯ ಮಂಗಳೂರಿನ ಚಿತ್ರ. ಬೇಗ ದಾಟಿ ಹೋಗುತ್ತದೆ.]

ನಮ್ಮ ಮಂಗಳೂರಿನ ಕಂಕನಾಡಿಗೂ ಇದರ ಎಳೆ ಇದೆ. 1880ರಲ್ಲಿ ಅಗಸ್ಟಸ್ ಮುಲ್ಲರ್ ಅನ್ನುವ ಜರ್ಮನ್ ಜೆಸ್ವಿಟ್ ಪಾದ್ರಿ ಅಲ್ಲಿ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು. ಕುಷ್ಠರೋಗ ಬಂದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಅವರಿಗೊಂದು ಜಾಗ ಮಾಡಿದರು. ಕುಷ್ಠರೋಗಿಯ ಹುಣ್ಣು ಹೆಚ್ಚಾಗಿ ಆಗುವುದು ಎಲ್ಲಿ? ಕಾಲಿನಲ್ಲಿ. ನರ ಸತ್ತು, ನೋವು ಗೊತ್ತಾಗದೆ, ಮುಳ್ಳು ಕಲ್ಲು ತಾಗಿ ಗಾಯವಾಗುತ್ತದೆ. ದಿನಾ ತೊಳೆದು ಬಟ್ಟೆ ಕಟ್ಟಬೇಕು. ಅಲ್ಲಿ ಪವಿತ್ರ ಗುರುವಾರ ಅಂತ ಬೇರೆ ಬರುವುದಿಲ್ಲ.

[ಸಂಗೀತ ನಿಲ್ಲುತ್ತದೆ. ನಿರೂಪಕ ಕ್ಯಾಮೆರಾದ ಎದುರು.]

ಈಗ ಒಂದು ಕಸಿವಿಸಿಯ ಮಾತು. ಇದನ್ನು ಹೇಳದೆ ಮುಂದೆ ಹೋಗೋಕೆ ಆಗಲ್ಲ.

ಸೇವೆ ಮಾಡಿ, ತಗ್ಗಿ ಬಗ್ಗಿ ನಡೆಯಿರಿ ಅಂತ ನಾವು ಸಾಮಾನ್ಯವಾಗಿ ಯಾರಿಗೆ ಹೇಳುತ್ತೇವೆ? ಸೊಸೆಗೆ. ಮನೆಕೆಲಸದವಳಿಗೆ. ಈಗಾಗಲೇ ಬಗ್ಗಿರುವವರಿಗೆ. ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅನ್ನುವ ಗಾದೆ ಸುಮ್ನೆ ಹುಟ್ಟಿಲ್ಲ. ಚರ್ಚಿನ ಚರಿತ್ರೆಯಲ್ಲೂ ಇದು ನಡೆದಿದೆ. ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಅದೇ ಬೈಬಲ್ ಹಿಡಿದು, ವಿಧೇಯರಾಗಿರಿ ಅಂತ ಗುಲಾಮರಿಗೆ ಉಪದೇಶ ಮಾಡಿಸಿದರು.

ಆದರೆ ಸುವಾರ್ತೆಯಲ್ಲಿ ಈ ಮಾತು ಯಾರ ಕಿವಿಗೆ ಬಿತ್ತು ನೋಡಿ. ಬಲಗಡೆ ಎಡಗಡೆ ಸಿಂಹಾಸನ ಕೇಳಿದವರ ಕಿವಿಗೆ. ಕುರ್ಚಿ ಬೇಕು ಅಂದವನಿಗೆ ಹೇಳಿದ ಮಾತನ್ನು ನೆಲದ ಮೇಲೆ ಕೂತವನಿಗೆ ಹೇಳಿದರೆ ಅರ್ಥವೇ ತಿರುಗಿಬಿಡುತ್ತದೆ. ಆ ರಾತ್ರಿ ಯೇಸು ಕಾಲು ತೊಳೆದು ಮುಗಿಸಿ, ಬಟ್ಟೆ ಹಾಕಿಕೊಂಡು, ವಾಪಸ್ ತಮ್ಮ ಜಾಗಕ್ಕೆ ಬಂದು ಹೇಳಿದ್ದೇನು? ನೀವು ನನ್ನನ್ನು ಗುರು ಅನ್ನುತ್ತೀರಿ, ಒಡೆಯ ಅನ್ನುತ್ತೀರಿ. ಸರಿಯೇ, ನಾನು ಹೌದು. ಗುರುವಾದ ನಾನೇ ತೊಳೆದೆ, ನೀವೂ ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯಿರಿ. ನಾನು ಗುರುವೇ ಅಲ್ಲ ಅಂತ ಅವರು ಹೇಳಲಿಲ್ಲ. ಆ ಮರ್ಯಾದೆಯನ್ನು ಇಟ್ಟುಕೊಂಡೇ ಬಗ್ಗಿದರು. ಸುಳ್ಳು ವಿನಯ ಅಲ್ಲಿಲ್ಲ.

ಇನ್ನೂ ಒಂದು. ಆ ಕೋಣೆಯಲ್ಲಿ ಯೂದನೂ ಇದ್ದ. ಇನ್ನು ಸ್ವಲ್ಪ ಹೊತ್ತಿಗೆ ಯೇಸುವನ್ನು ಹಿಡಿದುಕೊಡಲಿದ್ದವನು. ಅವನು ಎದ್ದು ಹೊರಗೆ ಹೋದದ್ದು ಕಾಲು ತೊಳೆದ ನಂತರ. ಅಂದರೆ ಬೋಗುಣಿ ಅವನನ್ನು ಬಿಟ್ಟು ಮುಂದೆ ಹೋಗಲಿಲ್ಲ. ನನಗೆ ಈ ಇಡೀ ಅಧ್ಯಾಯದಲ್ಲಿ ಜೀರ್ಣವಾಗದ ಜಾಗ ಇದೇ.

[ತೆರೆಯ ಮೇಲೆ: 28 ಮಾರ್ಚ್ 2013, ರೋಮ್.]

ನಮ್ಮ ಕಾಲಕ್ಕೆ ಬರೋಣ. 2013ರ ಮಾರ್ಚ್ 13ರಂದು ಅರ್ಜೆಂಟೀನಾದ ಹೋರ್ಹೆ ಬೆರ್ಗೋಲಿಯೋ ಪೋಪ್ ಆದರು. ಫ್ರಾನ್ಸಿಸ್ ಅನ್ನುವ ಹೆಸರು ಇಟ್ಟುಕೊಂಡರು. ಎರಡು ವಾರಕ್ಕೆ ಪವಿತ್ರ ಗುರುವಾರ ಬಂತು. ಪೋಪ್ ಸಾಮಾನ್ಯವಾಗಿ ರೋಮ್‌ನ ದೊಡ್ಡ ಚರ್ಚಿನಲ್ಲಿ ಗುರುಗಳ ಕಾಲು ತೊಳೆಯುವುದು ರೂಢಿ. ಇವರು ಕಾಸಲ್ ದೆಲ್ ಮಾರ್ಮೊ ಅನ್ನುವ ಬಾಲಾಪರಾಧಿಗಳ ಜೈಲಿಗೆ ಹೋದರು. ಹನ್ನೆರಡು ಜನರಲ್ಲಿ ಇಬ್ಬರು ಹುಡುಗಿಯರಿದ್ದರು. ಮುಸ್ಲಿಮರೂ ಇದ್ದರು. ಆಗಿನ ನಿಯಮದಲ್ಲಿ ಗಂಡಸರು ಅಂತಲೇ ಬರೆದಿತ್ತು. ಕೆಲವರು ಸಿಡಿಮಿಡಿಗೊಂಡರು. ಕೊನೆಗೆ 2016ರ ಜನವರಿಯಲ್ಲಿ ನಿಯಮವನ್ನೇ ಬದಲಿಸಿದರು, ಹೆಂಗಸರ ಕಾಲನ್ನೂ ತೊಳೆಯಬಹುದು ಅಂತ.

ಅದೇ ವರ್ಷ ರೋಮ್‌ನ ಹತ್ತಿರ ಒಂದು ನಿರಾಶ್ರಿತರ ಕೇಂದ್ರ. ಕೂತವರಲ್ಲಿ ನೈಜೀರಿಯಾದವರು, ಎರಿಟ್ರಿಯಾದವರು, ಮುಸ್ಲಿಮರು. ಒಬ್ಬ ಭಾರತದಿಂದ ಹೋದ ಹಿಂದೂ ಕೂಡ. ಅವನಿಗೆ ಏನನಿಸಿತು ಅಂತ ಯಾರಾದರೂ ಕೇಳಬೇಕಿತ್ತು. ಕಾಲು ಹಿಂದಕ್ಕೆ ಎಳೆದುಕೊಳ್ಳೋಣ ಅಂತ ಅವನಿಗೂ ಅನಿಸಿರುತ್ತದೆ.

2019ರ ಏಪ್ರಿಲ್ ಇನ್ನೊಂದು ಥರ. ದಕ್ಷಿಣ ಸೂಡಾನ್‌ನಲ್ಲಿ 2013ರಿಂದ ಅಂತರ್ಯುದ್ಧ. ಪರಸ್ಪರ ಕಾದಾಡಿದ ನಾಯಕರನ್ನು ವ್ಯಾಟಿಕನ್‌ಗೆ ಕರೆಸಿದ್ದರು. ಮಾತುಕತೆ ಮುಗಿಯಿತು. 82 ವರ್ಷದ ಪೋಪ್ ಸಹಾಯಕರ ಕೈ ಹಿಡಿದು ಕಷ್ಟಪಟ್ಟು ಮಂಡಿಯೂರಿ, ಆ ನಾಯಕರ ಶೂಗಳಿಗೆ ಮುತ್ತಿಟ್ಟರು. ಅಧ್ಯಕ್ಷ ಸಾಲ್ವಾ ಕೀರ್, ಅವರ ಎದುರಾಳಿ ರಿಯೆಕ್ ಮಾಚಾರ್, ಇಬ್ಬರದೂ. ಆ ವಿಡಿಯೋ ನೋಡಿ. ಅವರ ಮುಖದಲ್ಲಿ ಕಾಣುವುದು ಅದೇ ಗಾಬರಿ. 2020ರ ಫೆಬ್ರವರಿಯಲ್ಲಿ ಇಬ್ಬರೂ ಒಂದೇ ಸರ್ಕಾರ ಸೇರಿದರು. ಜಗಳ ಪೂರ್ತಿ ನಿಂತಿಲ್ಲ. ಮುತ್ತಿಟ್ಟ ಮಾತ್ರಕ್ಕೆ ಯುದ್ಧ ನಿಲ್ಲುತ್ತದೆ ಅಂತ ನಾನೂ ಹೇಳಲ್ಲ.

[ದೃಶ್ಯ: ಗಾಲಿಕುರ್ಚಿಯ ಚಕ್ರ, ಜೈಲಿನ ಬಾಗಿಲು.]

2024ರಲ್ಲಿ ರೋಮ್‌ನ ರೆಬಿಬಿಯಾ ಮಹಿಳಾ ಜೈಲು. ಪೋಪ್ ಗಾಲಿಕುರ್ಚಿಯಲ್ಲಿದ್ದರು, ಬಗ್ಗೋಕೆ ಆಗುತ್ತಿರಲಿಲ್ಲ. ಅದಕ್ಕೆ ಹನ್ನೆರಡು ಹೆಂಗಸರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದರು. ಕುರ್ಚಿ ಒಬ್ಬೊಬ್ಬರ ಮುಂದೆ ಸಾಗುತ್ತ ಹೋಯಿತು. ಹಲವರು ಅಳುತ್ತಿದ್ದರು.

2025ರ ಏಪ್ರಿಲ್ 17. ರೋಮ್‌ನ ರೆಜಿನಾ ಚೇಲಿ ಜೈಲು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಆಗಿ, ಆಸ್ಪತ್ರೆಯಿಂದ ಬಂದು ಒಂದು ತಿಂಗಳೂ ಆಗಿರಲಿಲ್ಲ. ಆ ದಿನ ಬೋಗುಣಿ ಇರಲಿಲ್ಲ, ಟವೆಲ್ ಇರಲಿಲ್ಲ. ಸುಮಾರು 70 ಕೈದಿಗಳ ಮುಂದೆ, ಪ್ರತಿವರ್ಷ ಈ ದಿನ ಜೈಲಿಗೆ ಬಂದು ಕಾಲು ತೊಳೆಯುವುದು ನನಗೆ ಇಷ್ಟ, ಈ ವರ್ಷ ಮಾಡೋಕಾಗುತ್ತಿಲ್ಲ, ಆದರೂ ನಿಮ್ಮ ಹತ್ತಿರ ಇರಬೇಕು ಅಂತ ಬಂದೆ ಅಂದರು. ಅರ್ಧ ಗಂಟೆ ಇದ್ದು ಹೊರಟರು. ನಾಲ್ಕು ದಿನಕ್ಕೆ, ಏಪ್ರಿಲ್ 21ರಂದು, ತೀರಿಕೊಂಡರು.

[ತೆರೆ ಕಪ್ಪು. ನೀರಿನ ಸದ್ದು ಇಲ್ಲ.]

ನಿಮ್ಮಲ್ಲಿ ಯಾರಾದರೂ ಆ ಹನ್ನೆರಡು ಜನರ ಸಾಲಿನಲ್ಲಿ ಕೂತಿದ್ದರೆ ಕೆಳಗೆ ಕಮೆಂಟಿನಲ್ಲಿ ಬರೆಯಿರಿ. ಮನೆಯಿಂದ ಕಾಲು ತೊಳೆದುಕೊಂಡು ಹೋಗಿದ್ದಿರಾ ಅನ್ನೋದನ್ನೂ ಹೇಳಿ. ದೊಡ್ಡಮ್ಮನಿಗೆ ಓದಿ ಹೇಳಬೇಕು.